ಪಂಚ್‌ಗೂ ಪಂಚಕ್ಕೂ ನಂಟು ಹಚ್ಚುವ ಮುನ್ನ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನೀವು ಕಳುಹಿಸಿದ ‘ಪಂಚ್: ನಮ್ಮ ಮನೆಯ ಪದ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ವಿಷಯವೂ ಒಳ್ಳೆಯದು. ಮುಷ್ಟಿಯ ಗುದ್ದು, ತೂತು ಮಾಡುವ ಸಾಧನ, ಕಚೇರಿಯ ಹಾಜರಿ, ಸಿನಿಮಾದ ಪಂಚಿಂಗ್ ಡೈಲಾಗ್, ಮದ್ಯ ಬೆರೆಸಿದ ಪಾನಕ, ಬೊಂಬೆಯಾಟದ ಗೂನುಬೆನ್ನಿನ ಪಾತ್ರ, ಹೀಗೆ ಒಂದು ಪುಟ್ಟ ಇಂಗ್ಲಿಷ್ ಪದ ಹೊತ್ತಿರುವ ಅರ್ಥಗಳನ್ನೆಲ್ಲ ಕಲೆಹಾಕಿದ್ದೀರಿ. ಇವೆಲ್ಲವೂ ಸಂಸ್ಕೃತದ ‘ಪಂಚ’ದಿಂದಲೇ ಹುಟ್ಟಿದವು ಎಂಬುದು ನಿಮ್ಮ ವಾದ. ಆ ವಾದ ಓದಿ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆಯಬಾರದೆಂದು ಎರಡು ದಿನ ತಡೆದು ಈಗ ಉತ್ತರಿಸುತ್ತಿದ್ದೇನೆ. ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ.

ಎರಡನೆಯ ಪ್ಯಾರಾದ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ: ‘ಐದು ಬೆರಳು ಮಡಚಿದರೆ ಮುಷ್ಟಿ, ಮುಷ್ಟಿಯಿಂದ ಹೊಡೆದರೆ ಪಂಚ್, ಪಂಚ ಎಂದರೆ ಐದು ಎಂದು ಇನ್ನು ವಿವರಿಸಬೇಕಿಲ್ಲ.’ ವಿವರಿಸಲೇಬೇಕು, ಏಕೆಂದರೆ ಚರಿತ್ರೆ ಬೇರೆಯೇ ಹೇಳುತ್ತದೆ. ಹಳೆಯ ಫ್ರೆಂಚಿನಲ್ಲಿ ‘ಪೊಂಚೊನ್’ ಎಂದರೆ ಮೊನೆಯುಳ್ಳ ಹತಾರ. ಅದರಿಂದ ಬಂದ ಕ್ರಿಯಾಪದ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಇಳಿಯಿತು. ಆಗ ಅದಕ್ಕಿದ್ದ ಅರ್ಥ ತಿವಿಯುವುದು, ಚುಚ್ಚುವುದು, ಕೋಲಿನಿಂದ ತಿವಿದು ದನ ಅಟ್ಟುವುದು. ಮುಷ್ಟಿಯಿಂದ ಗುದ್ದುವ ಅರ್ಥ ಕೂಡಿಕೊಂಡದ್ದು 16ನೇ ಶತಮಾನದಲ್ಲಿ. ಅಂದರೆ ನೀವು ಬುನಾದಿಯೆಂದುಕೊಂಡ ಐದು ಬೆರಳುಗಳು ಈ ಪದದೊಳಗೆ ಬರುವ ಹೊತ್ತಿಗೆ ಪದಕ್ಕೆ ನೂರು ವರ್ಷ ಮೀರಿತ್ತು. ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ಚುಚ್ಚು ಎಂಬ ಅರ್ಥದ ಲ್ಯಾಟಿನ್ ಧಾತು. ಪಾಯಿಂಟ್, ಪಂಕ್ಚರ್ ಅದರದೇ ಕುಡಿಗಳು. ನಮ್ಮ ರಸ್ತೆ ಬದಿಯ ಫಲಕಗಳಲ್ಲಿ ‘ಪಂಚರ್’ ಎಂದು ಬರೆದಿರುತ್ತಾರಲ್ಲ, ಅದು ಪಂಚ್‌ನ ನಿಜವಾದ ದಾಯಾದಿ. ಹೊತ್ತಿಗೆ ಸರಿಯಾಗಿ ಬರುವವರನ್ನು ಪಂಕ್ಚುಯಲ್ ಎನ್ನುತ್ತೇವೆ, ಅದೂ ಇದೇ ಮನೆತನದ್ದು. ಬೆಳಿಗ್ಗೆ ಕಚೇರಿಯಲ್ಲಿ ಪಂಚ್ ಮಾಡುವ ಪ್ರತಿ ನೌಕರನ ಬೆರಳ ತುದಿಯಲ್ಲಿ ಈ ಎರಡು ಪದಗಳು ಸೇರುತ್ತವೆ. ಇದು ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ಅದೇ ಪ್ಯಾರಾದ ಮೂರನೆಯ ವಾಕ್ಯ: ‘ಶಬ್ದ ಒಂದೇ ಆಗಿರುವಾಗ ಮೂಲ ಬೇರೆ ಇರಲು ಹೇಗೆ ಸಾಧ್ಯ?’ ಈ ಪ್ರಶ್ನೆಯನ್ನು ಓದಿದಾಗ ನನ್ನ ಇಪ್ಪತ್ನಾಲ್ಕನೆಯ ವಯಸ್ಸು ನೆನಪಾಯಿತು.

ಆಗ ನಾನು ಒಂದು ವಾರಪತ್ರಿಕೆಯಲ್ಲಿ ಕಿರಿಯ ಉಪಸಂಪಾದಕ. ದಸರಾ ಆನೆಗಳ ಫೋಟೊಗೆ ಅಡಿಬರಹ ಬರೆಯಲು ಹೇಳಿದ್ದರು. ‘ಕಪ್ಪು ಮೈಯ ಕಾರಣಕ್ಕೇ ಕರಿ ಎನಿಸಿಕೊಂಡ ಗಜರಾಜ’ ಎಂದು ಬರೆದು, ಹೊಸದೇನೋ ಕಂಡುಹಿಡಿದ ಸಂತೋಷದಲ್ಲಿ ಹಿರಿಯರ ಮೇಜಿನ ಮೇಲಿಟ್ಟೆ. ಅವರು ಓದಿ, ಏನೂ ಅನ್ನದೆ, ಕಪಾಟಿನಿಂದ ಕಿಟೆಲ್ ನಿಘಂಟನ್ನು ಇಳಿಸಿ ನನ್ನ ಮುಂದಿಟ್ಟರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟನ್ನು ನಾನು ಅದುವರೆಗೆ ಮುಟ್ಟಿಯೂ ಇರಲಿಲ್ಲ. ‘ಕರಿ ತೆಗೆಯಿರಿ’ ಎಂದರು. ಬೆರಳಿಟ್ಟು ಹುಡುಕಿದೆ. ಎಣ್ಣೆಯಲ್ಲಿ ಕರಿಯುವ ಕರಿ ಬೇರೆ, ಕಪ್ಪಿನ ಕರಿ ಬೇರೆ, ಆನೆಯ ಕರಿಯೇ ಬೇರೆ. ಮೊದಲೆರಡು ಅಚ್ಚ ಕನ್ನಡದವು. ಮೂರನೆಯದು ಸಂಸ್ಕೃತದ್ದು: ಕರ ಎಂದರೆ ಕೈ, ಆನೆಗಾದರೆ ಸೊಂಡಿಲು, ಕರ ಉಳ್ಳದ್ದು ಕರಿ, ಹಸ್ತ ಉಳ್ಳದ್ದು ಹಸ್ತಿ ಆದ ಹಾಗೆ. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ‘ಬಿಳಿಯಾನೆಯನ್ನೂ ಕರಿ ಅನ್ನಬಹುದಪ್ಪ’ ಎಂದು ಹೇಳಿ ಅವರು ತಮ್ಮ ಕೆಲಸಕ್ಕೆ ತಿರುಗಿದರು. ಅಡಿಬರಹವನ್ನು ಅವರು ಹೊಡೆದುಹಾಕಲಿಲ್ಲ, ನಾನೇ ಹೊಡೆದುಹಾಕುವವರೆಗೂ ಮೇಜಿನ ಮೇಲೇ ಇತ್ತು. ಆ ಸಂಜೆ ಮುಖವೆತ್ತಿ ಯಾರನ್ನೂ ನೋಡಲು ನನ್ನಿಂದಾಗಲಿಲ್ಲ.

ಹೀಗೆ ಮೂರು ಊರುಗಳಿಂದ ಬಂದವರು ಒಂದೇ ಛತ್ರದಲ್ಲಿ ಇಳಿದುಕೊಂಡಿರುವುದು ಪದಲೋಕದಲ್ಲಿ ನಿತ್ಯದ ಸಂಗತಿ. ಬೊಂಬೆಯ ಪಂಚ್‌ನನ್ನೇ ನೋಡಿ. ‘ಪಂಚಪಾಂಡವರ ಕಥೆ ಆಡಿಸುವ ನಮ್ಮ ಬೊಂಬೆಯಾಟದಿಂದ ಹೋಗಿರಬಹುದು’ ಎಂದು ಬರೆದಿದ್ದೀರಿ. ಅವನು ಇಟಲಿಯ ನೇಪಲ್ಸ್ ಕಡೆಯ ಹಾಸ್ಯನಾಟಕಗಳ ಪಾತ್ರ ಪುಲ್ಚಿನೆಲ್ಲ. 1662ರ ಮೇ 9ರಂದು ಲಂಡನ್ನಿನ ಕೊವೆಂಟ್ ಗಾರ್ಡನ್ನಿನಲ್ಲಿ ಇಟಲಿಯವರ ಬೊಂಬೆಯಾಟ ನೋಡಿದೆನೆಂದು ಅಲ್ಲಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪುಲ್ಚಿನೆಲ್ಲ ಇಂಗ್ಲಿಷರ ಬಾಯಲ್ಲಿ ಪಂಚಿನೆಲ್ಲೊ ಆಗಿ, ಕೊನೆಗೆ ಪಂಚ್ ಆದ. 1841ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹಾಸ್ಯಪತ್ರಿಕೆ ಅವನ ಹೆಸರನ್ನೇ ಇಟ್ಟುಕೊಂಡಿತು. ಪಾಂಡವರನ್ನು ಇಲ್ಲಿಂದ ತೆಗೆದುಬಿಡಿ.

ಇನ್ನು ಪಂಚಕ್ಕೆ ಇಂಗ್ಲಿಷಿನಲ್ಲಿ ನಂಟರೇ ಇಲ್ಲವೇ? ಇದ್ದಾರೆ, ಮತ್ತು ನೀವು ಅವರ ಮುಂದೆಯೇ ಹಾದುಹೋಗಿದ್ದೀರಿ. ‘ಫೈವ್’ ಎಂಬ ಪದವೇ ಪಂಚದ ಒಡಹುಟ್ಟು. ಪಿತೃ ಮತ್ತು ಫಾದರ್, ಪಾದ ಮತ್ತು ಫುಟ್, ಪಂಚ ಮತ್ತು ಫೈವ್: ಸಂಸ್ಕೃತದಲ್ಲಿ ಪಕಾರ ಇರುವ ಕಡೆ ಇಂಗ್ಲಿಷ್, ಜರ್ಮನ್ ಬಳಗದಲ್ಲಿ ಫಕಾರ. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ನಿಯಮವಾಗಿ ಕ್ರಮಪಡಿಸಿದ. ಹಳಗನ್ನಡದ ಪಾಲು ಹಾಲಾದದ್ದು, ಪೂ ಹೂವಾದದ್ದು, ಪುಲಿ ಹುಲಿಯಾದದ್ದು ಬಲ್ಲ ನಮಗೆ ಇಂಥ ನಿಯಮ ಅರ್ಥವಾಗಲು ಕಷ್ಟವೇ ಇಲ್ಲ. ಮುಷ್ಟಿ ಎಂಬ ಅರ್ಥದ ‘ಫಿಸ್ಟ್’ ಕೂಡ ಬಹುಶಃ ಇದೇ ಐದರ ಮೂಲದ್ದೆಂದು ಪದಚರಿತ್ರೆ ಬಲ್ಲವರ ಊಹೆ. ಐದು ಬೆರಳು ಹುಡುಕುತ್ತಿದ್ದವರು ನೀವು. ಅವು ಪಂಚ್‌ನಲ್ಲಿರಲಿಲ್ಲ, ಪಕ್ಕದ ಪದದಲ್ಲಿದ್ದವು. ಕಿವಿಗೆ ಒಂದೇ ಎನ್ನಿಸುವುದು ಅನ್ಯವಾಗಿ, ಕಿವಿಗೆ ಏನೂ ಹೊಂದದಿರುವುದು ಸ್ವಂತವಾಗಿ ನಿಲ್ಲುವ ಈ ಜಾಗವನ್ನು ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎರಡನೆಯ ತಕರಾರು ಪಾನಕದ ಭಾಗದ್ದು. ‘ಐದು ಪದಾರ್ಥ ಬೆರೆಸುವುದರಿಂದ ಈ ಹೆಸರು ಬಂತೆಂದು ವಿದ್ವಾಂಸರು ಒಪ್ಪಿದ್ದಾರೆ.’ ಯಾವ ವಿದ್ವಾಂಸರು? ಇಡೀ ಲೇಖನದಲ್ಲಿ ನಿಮ್ಮ ಪಂಚಕ್ಕೆ ನೆಲೆ ಸಿಗಬಹುದಾದ ಜಾಗ ಇದೊಂದೇ. ಇಲ್ಲೇ ನೀವು ಹೆಸರು ಹೇಳದೆ ಓಡಿದ್ದೀರಿ. 1632ರಷ್ಟು ಹಿಂದೆಯೇ ಈಸ್ಟ್ ಇಂಡಿಯಾ ಕಂಪನಿಯವನೊಬ್ಬನ ಪತ್ರದಲ್ಲಿ ಪಂಚ್ ಕುಡಿಯುವ ಮಾತಿದೆ. ಐದರ ಮಾತನ್ನು ಬರೆದವನು ಕಂಪನಿಯ ವೈದ್ಯ ಜಾನ್ ಫ್ರಯರ್. ನಮ್ಮ ಕಾರವಾರ, ಗೋಕರ್ಣಗಳನ್ನೂ ಸುತ್ತಿದ ಆತ 1698ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ, ಗೋವೆಯ ನೆರೂಲ್‌ನ ಸಾರಾಯಿಯಿಂದ ಈ ಕರಾವಳಿಯ ಇಂಗ್ಲಿಷರು ಮಾಡುವ ಪಾನೀಯಕ್ಕೆ ಐದು ವಸ್ತುಗಳ ಕಾರಣ ಹಿಂದೂಸ್ತಾನಿಯ ಐದರ ಹೆಸರು ಎಂದಿದ್ದಾನೆ. ಭಾರತದ ಇಂಗ್ಲಿಷರು ಬಳಸುತ್ತಿದ್ದ ಪದಗಳ 1886ರ ನಿಘಂಟು ಹಾಬ್ಸನ್-ಜಾಬ್ಸನ್ ಇದನ್ನು ಒಪ್ಪುತ್ತದೆ. ಆಕ್ಸ್‌ಫರ್ಡ್ ನಿಘಂಟು ಅನುಮಾನಿಸುತ್ತದೆ. ಆಗಿನ ಇಂಗ್ಲಿಷಿನಲ್ಲಿ ಈ ಪದದ ಸ್ವರ ಉಕಾರಕ್ಕೆ ಹತ್ತಿರವಿತ್ತು, ‘ಪುಂಚ್’ ಎಂಬಂತೆ. ಪಾಂಚ್ ಎಂದು ಕೇಳಿದವರು ಹಾಗೇಕೆ ಉಚ್ಚರಿಸಿಯಾರು? 1638ರಲ್ಲಿ ಸೂರತ್‌ಗೆ ಬಂದ ಜರ್ಮನ್ ಯಾತ್ರಿಕ ಮಾಂಡೆಲ್ಸ್ಲೊ ಹೇಳುವ ಪಾಕದಲ್ಲಿ ಮದ್ಯ, ಪನ್ನೀರು, ನಿಂಬೆರಸ, ಸಕ್ಕರೆ ಇವೆ. ಎಣಿಸಿ ನೋಡಿ, ನಾಲ್ಕೇ. ಹಡಗಿನ ಪೀಪಾಯಿಗೆ ಇದ್ದ ‘ಪಂಚನ್’ ಎಂಬ ಹೆಸರೇ ಪಾನೀಯಕ್ಕೂ ಬಂದಿರಬಹುದೆಂಬ ಇನ್ನೊಂದು ಊಹೆಯೂ ಇದೆ.

ಇಷ್ಟನ್ನೂ ಓದುಗರ ಮುಂದಿಟ್ಟು ‘ನನಗೆ ಫ್ರಯರ್ ಮಾತೇ ಸರಿ ಕಾಣುತ್ತದೆ’ ಎಂದು ನೀವು ಬರೆದಿದ್ದರೆ ನಾನು ಸಂತೋಷದಿಂದ ಅಚ್ಚು ಹಾಕುತ್ತಿದ್ದೆ. ‘ಎನ್ನಲಾಗುತ್ತದೆ’ ಎಂಬ ಕ್ರಿಯಾಪದ ನಿಮ್ಮ ಆರು ಪುಟಗಳಲ್ಲಿ ಹನ್ನೊಂದು ಸಲ ಬಂದಿದೆ. ಹನ್ನೊಂದನ್ನೂ ಕೆಂಪು ಶಾಯಿಯಲ್ಲಿ ಸುತ್ತಿದ್ದೇನೆ. ಪ್ರತಿಯೊಂದರ ಬದಲು ಯಾರು ಅಂದರು, ಯಾವಾಗ ಅಂದರು ಎಂದು ಬರೆಯಿರಿ. ಬರೆಯಲಾಗದಿದ್ದರೆ ವಾಕ್ಯವನ್ನೇ ಬಿಡಿ.

ಐದನೆಯ ಪುಟದ ಅಂಚಿನಲ್ಲಿ ಒಂದು ಸಾಲು ಇದೆ: ಬಸ್ ಕಂಡಕ್ಟರ್ ಆಗಿದ್ದ ನಿಮ್ಮ ತಂದೆಯ ಖಾಕಿ ಜೇಬಿನಲ್ಲಿ ಟಿಕೆಟ್ ಪಂಚ್ ಇರುತ್ತಿತ್ತು, ರಾತ್ರಿ ಅಂಗಿ ಒದರಿದರೆ ಕಾಗದದ ಸಣ್ಣ ಬಿಲ್ಲೆಗಳು ನೆಲಕ್ಕೆ ಉದುರುತ್ತಿದ್ದವು. ಲೇಖನವನ್ನು ಅಲ್ಲಿಂದ ಆರಂಭಿಸಿ. ಮೊನೆಯುಳ್ಳ ಹತಾರದ ಮೂಲ ಅರ್ಥ ನಿಮ್ಮ ಮನೆಯ ನೆಲದ ಮೇಲೆಯೇ ಬಿದ್ದಿತ್ತು. ಮುಂದಿನ ತಿಂಗಳ 10ರೊಳಗೆ ತಿದ್ದಿದ ಪ್ರತಿ ನನ್ನ ಕೈ ಸೇರಲಿ.