ನಗರಗಳಲ್ಲಿ ಸೊಳ್ಳೆ ಮತ್ತು ಕಳೆಗಿಡಗಳನ್ನು ಹತೋಟಿಗೆ ತರುವುದು ಹೇಗೆ?

ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂದು ಹೋದರೆ ಕೆಲಸ ಆಯ್ತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ಅಸಲಿ ಕೆಲಸ ಅಂದರೆ ವಾರಕ್ಕೊಮ್ಮೆ ನಿಂತ ನೀರು ಹುಡುಕಿ ಚೆಲ್ಲುವುದು. ಚೆಲ್ಲಲು ಆಗದ ಕಡೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಹಾಕುತ್ತಾರೆ. ಅದನ್ನು ತಿಂದ ಮರಿಯ ಕರುಳು ಹಾಳಾಗಿ ಸಾಯುತ್ತದೆ, ಮೀನಿಗೆ ತೊಂದರೆಯಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯದ್ದು ಬೇರೆಯೇ ಕಿತಾಪತಿ: ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಚೆಲ್ಲಿದರೆ ಸಾಲದು, ಗೋಡೆ ತಿಕ್ಕಿ ತೊಳೆಯಬೇಕು.

ಕಳೆಗೂ ಸೊಳ್ಳೆಗೂ ನಂಟಿದೆ. ಕೆರೆ ಮುಚ್ಚುವ ನೇರಳೆ ಹೂವಿನ ವಾಟರ್ ಹಯಸಿಂತ್ ಇದೆಯಲ್ಲ, ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಅದರ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಉಸಿರಾಡುತ್ತವೆ, ಮೇಲೆ ಬರುವುದೇ ಇಲ್ಲ. ಯಂತ್ರದಿಂದ ಕಳೆ ತೆಗೆದು ದಡದಲ್ಲೇ ಗುಡ್ಡೆ ಹಾಕಿದರೆ ಮಳೆಗೆ ಮತ್ತೆ ನೀರಿಗಿಳಿಯುತ್ತದೆ. ಅದನ್ನು ತಿನ್ನುವ ನಿಯೋಕೆಟಿನಾ ಮೂತಿಹುಳುಗಳನ್ನೂ ಬಿಡುತ್ತಾರೆ, ಆದರೆ ಫಲ ಸಿಗಲು ವರ್ಷಗಳು ಬೇಕು. ಚರಂಡಿ ನೀರು ಕೆರೆಗೆ ಸೇರುತ್ತಿದ್ದರಂತೂ ಕಳೆಗೆ ಗೊಬ್ಬರ ಹಾಕಿದಂತೆಯೇ.

ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಆದರೆ ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಕೈಗವಸು ಮರೆಯಬೇಡಿ, ಇಲ್ಲದಿದ್ದರೆ ಚರ್ಮಕ್ಕೆ ತುರಿಕೆ ಬರಬಹುದು.