ಹನ್ನೆರಡು ಐಕಾನ್‌ಗೆ ಇಡೀ ಲೈಬ್ರರಿ ಹೊತ್ಕೊಂಡು ಓಡಾಡ್ಬೇಡಿ

ಪ್ರಶ್ನೆ: ರಿಯಾಕ್ಟ್ ಆ್ಯಪ್‌ನಲ್ಲಿ ಹನ್ನೆರಡೇ ಐಕಾನ್ ಬಳಸಿದೀನಿ, ಬಂಡಲ್ (ಬ್ರೌಸರ್‌ಗೆ ಹೋಗೋ ಕಟ್ಟಿದ ಕೋಡ್) ಮಾತ್ರ ಊದ್ಕೊಂಡಿದೆ. ಇದಕ್ಕಿಂತ ಹಗುರವಾದ ಎಸ್‌ವಿಜಿ (ಗೆರೆಗಳನ್ನ ಪಠ್ಯವಾಗಿ ಬರೆದಿಡೋ ಚಿತ್ರ) ಐಕಾನ್ ಲೈಬ್ರರಿ ಯಾವ್ದು ಸರ್?

ಉತ್ತರ: ಈ ಪ್ರಶ್ನೆ ತಪ್ಪದೆ ಬರ್ತಾನೇ ಇರುತ್ತೆ, ಕೇಳೋರಿಗೆ ಬೇಕಾಗಿರೋದು ಒಂದು ಹೆಸರು ಅಷ್ಟೇ. ಹೇಳಲ್ಲ. ಫೆದರ್ ಅನ್ನೋ ಐಕಾನ್ ಲೈಬ್ರರಿ ಆಗ್ಲಿ, ಅದರಿಂದ ಕವಲೊಡೆದ ಲೂಸಿಡ್ ಆಗ್ಲಿ, ಒಂದೊಂದು ಐಕಾನ್ ಅಂದ್ರೆ 24ಕ್ಕೆ 24ರ ಚೌಕದೊಳಗೆ ನಾಲ್ಕಾರು ಗೆರೆ. ಕಸದಬುಟ್ಟಿ ಐಕಾನ್ ಫೈಲ್ ಒಂದ್ಸಲ ಎಡಿಟರ್‌ನಲ್ಲಿ ತೆಗ್ದು ನೋಡಿ, ಮುಚ್ಚಳಕ್ಕೊಂದು ಗೆರೆ, ಡಬ್ಬಕ್ಕೊಂದು ಪಾತ್, ಮಧ್ಯೆ ಎರಡು ಉದ್ದ ಗೀಟು, ಮುಗೀತು, ಅರ್ಧ ಕೆಬಿನೂ ಇರಲ್ಲ. ಇದ್ರಲ್ಲಿ ಇನ್ನೇನು ಹಗುರ ಮಾಡ್ತೀರಿ?

ಭಾರ ಎಲ್ಲಿಂದ ಬಂತು ಅಂತ ನೀವು ಕಳ್ಸಿರೋ ಕೋಡಲ್ಲೇ ಇದೆ. ಐಕಾನ್ ಅಂತ ಒಂದು ಕಾಂಪೊನೆಂಟ್ ಬರ್ದು, ಅದಕ್ಕೆ ನೇಮ್ ಅನ್ನೋ ಪ್ರಾಪ್ ಕೊಟ್ಟು, ಒಳಗೆ ಇಂಪೋರ್ಟ್ ಸ್ಟಾರ್ ಹಾಕಿ ಇಡೀ ಲೈಬ್ರರಿ ತಂದು, ಆ ಹೆಸರಲ್ಲಿ ಒಂದನ್ನ ಹೆಕ್ಕಿ ತೋರಿಸ್ತಿದೀರಿ. ನೋಡೋಕೆ ನೀಟಾಗಿದೆ, ಒಪ್ಕೊಳ್ತೀನಿ, ನಾನೂ ಒಂದು ಕಾಲದಲ್ಲಿ ಹೀಗೇ ಬರ್ದು ಬೀಗಿದೀನಿ. ಆದ್ರೆ ಹೆಸರು ಅನ್ನೋದು ಬರೀ ಸ್ಟ್ರಿಂಗ್, ಆ್ಯಪ್ ಓಡುವಾಗ ಯಾವ ಹೆಸರು ಬರುತ್ತೋ ಬಿಲ್ಡ್ ಮಾಡೋ ಬಂಡ್ಲರ್‌ಗೆ ಹೇಗೆ ಗೊತ್ತಾಗ್ಬೇಕು? ಯಾಕೆ ಬೇಕು ರಿಸ್ಕು ಅಂತ ಸಾವಿರ ಐಕಾನ್ ಇದ್ರೆ ಸಾವಿರಾನೂ ಒಳಗೆ ಸೇರಿಸುತ್ತೆ. ಬಳಸದ ಕೋಡನ್ನ ಬಿಲ್ಡ್‌ನಲ್ಲಿ ಉದುರಿಸೋ ಟ್ರೀ ಶೇಕಿಂಗ್ ಇದ್ಯಲ್ಲ ಅಂತೀರಿ, ಮರ ಅಲ್ಲಾಡಿಸಿದ್ರೆ ಯಾರೂ ಹಿಡ್ಕೊಂಡಿರದ ಎಲೆ ಉದುರುತ್ತೆ, ನೀವು ಅಷ್ಟೂ ಎಲೆ ಮುಷ್ಟಿಲಿ ಹಿಡ್ಕೊಂಡು ಕೂತಿದೀರಿ.

ಬೇಕಾದ ಹನ್ನೆರಡನ್ನ ಹೆಸರು ಹೇಳಿ ಇಂಪೋರ್ಟ್ ಮಾಡಿ, ಪ್ರಾಪ್‌ಗೆ ಸ್ಟ್ರಿಂಗ್ ಬದ್ಲು ಆ ಕಾಂಪೊನೆಂಟನ್ನೇ ಕೊಡಿ. ಅಳತೆ ನೋಡೋದಿದ್ರೆ ಪ್ರೊಡಕ್ಷನ್ ಬಿಲ್ಡ್ ಮಾಡಿ ನೋಡಿ, ಡೆವ್ ಸರ್ವರ್ ಓಡಿಸ್ಕೊಂಡು ಸೈಜ್ ಜಾಸ್ತಿ ಅಂತ ಅಳೋರಿಗೆ ಇನ್ಮೇಲೆ ಉತ್ತರ ಬರೆಯಲ್ಲ.

ನನ್ನ ಕೇಳಿದ್ರೆ ಹನ್ನೆರಡಕ್ಕೆ ಲೈಬ್ರರಿನೇ ಬೇಡ. ಎಸ್‌ವಿಜಿ ಫೈಲ್ ಇಳಿಸ್ಕೊಂಡು, ಲೈಸೆನ್ಸ್ ಓದ್ಕೊಂಡು (ಫೆದರ್‌ದು ಎಂಐಟಿ, ಲೂಸಿಡ್‌ದು ಐಎಸ್‌ಸಿ, ಎರಡೂ ಧಾರಾಳಿಗಳು), ಎಲ್ಲಾ ಐಕಾನೂ ಒಟ್ಟಿಗಿರೋ ಒಂದು ಸ್ಪ್ರೈಟ್ ಫೈಲ್ ಮಾಡಿ. ಒಂದೊಂದು ಐಕಾನ್‌ಗೆ ಒಂದು ಸಿಂಬಲ್ ಟ್ಯಾಗು, ಅದಕ್ಕೊಂದು ಐಡಿ, ವ್ಯೂಬಾಕ್ಸ್ (ಐಕಾನ್ ಚೌಕದ ಅಳತೆ) ಆ ಸಿಂಬಲ್ ಮೇಲೇ ಇರ್ಲಿ, ಪೇಜಲ್ಲಿ ಯೂಸ್ ಟ್ಯಾಗ್ ಹಾಕಿ ಆ ಐಡಿ ಕರೆಯೋದು. ಗೆರೆಗೆ ಕರೆಂಟ್‌ಕಲರ್ ಕೊಟ್ಟಿದ್ರೆ ಬಟನ್ ಅಕ್ಷರದ ಬಣ್ಣನೇ ಐಕಾನ್‌ಗೂ ಬರುತ್ತೆ. ಇದ್ರಲ್ಲಿ ಸುಖ ಏನು ಅಂದ್ರೆ ಐಕಾನ್‌ಗಳ ಪಾತ್ ಜಾವಾಸ್ಕ್ರಿಪ್ಟ್ ಒಳಗೆ ಇರೋದೇ ಇಲ್ಲ, ಬ್ರೌಸರ್ ಅದನ್ನ ಕೋಡ್ ಅಂತ ಪಾರ್ಸ್ ಮಾಡ್ತಾ ಕೂರಲ್ಲ, ನೀವು ಆ್ಯಪ್ ಹತ್ತು ಸಲ ಡಿಪ್ಲಾಯ್ ಮಾಡಿದ್ರೂ ಸ್ಪ್ರೈಟ್ ಬದಲಾಗ್ದೇ ಇದ್ರೆ ಕ್ಯಾಶೆಯಿಂದಲೇ ಬರುತ್ತೆ. ಒಂದೇ ತಕರಾರು, ಫೈಲ್ ನಿಮ್ಮ ಆ್ಯಪ್ ಇರೋ ಡೊಮೇನಲ್ಲೇ ಇರ್ಬೇಕು. ಬೇರೆ ಡೊಮೇನಿನ ಸಿಡಿಎನ್‌ಗೆ (ಫೈಲ್ ಹಂಚೋ ಹೊರಗಿನ ಸರ್ವರ್‌ಗಳಿಗೆ) ಹಾಕಿದ್ರೆ ಐಕಾನ್ ಜಾಗ ಖಾಲಿ ಖಾಲಿ, ಆಮೇಲೆ ನನಗೆ ಬೈಬೇಡಿ.

ಪ್ರಶ್ನೆ: ಇಮೇಜ್ ಟ್ಯಾಗಲ್ಲಿ ಹಾಕಿದ ಐಕಾನ್ ಸಿಎಸ್‌ಎಸ್ ಬಣ್ಣ ತಗೊಳಲ್ಲ, ಯಾಕೆ?

ತಗೊಳಲ್ಲ. ಅದು ಹೊರಗಿನ ಸಿಎಸ್‌ಎಸ್ ಕಾಣದ ಬೇರೆ ಡಾಕ್ಯುಮೆಂಟು, ಇನ್‌ಲೈನ್ ಮಾಡಿ ಇಲ್ಲಾ ಯೂಸ್ ಬಳಸಿ.

ಪ್ರಶ್ನೆ: ಐಕಾನ್ ಫಾಂಟ್ (ಅಕ್ಷರದ ಜಾಗದಲ್ಲಿ ಐಕಾನ್ ಇರೋ ಫಾಂಟು) ಹಾಕ್ಲಾ?

ಬೇಡ. ಗಿಟ್‌ಹಬ್ ಅದನ್ನ 2016ರಲ್ಲೇ ಬಿಟ್ಟು ಎಸ್‌ವಿಜಿಗೆ ಬಂತು.

ಪ್ರಶ್ನೆ: ಬೇಸ್64 (ಫೈಲನ್ನ ಅಕ್ಷರಗಳ ಸಾಲಾಗಿ ಬರೆಯೋದು) ಮಾಡಿದ್ರೆ ಐಕಾನ್ ಹಗುರ ಆಗುತ್ತೆ ಅಂತ ಒಂದು ವಿಡಿಯೋಲಿ ನೋಡ್ದೆ.

ಆ ವಿಡಿಯೋ ಮಾಡ್ದವರಿಗೆ ಕೈ ಮುಗಿದೆ. ಬೇಸ್64ಲ್ಲಿ ಮೂರು ಬೈಟ್ ಹೋಗಿ ನಾಲ್ಕಾಗುತ್ತೆ, ಇದನ್ನ ಹಗುರ ಅಂತ ಯಾರು ಕಲಿಸಿದ್ರೋ.

ಪ್ರಶ್ನೆ: ಡಾಕ್ಯುಮೆಂಟ್ ಡಾಟ್ ಕ್ರಿಯೇಟ್‌ಎಲಿಮೆಂಟಲ್ಲಿ ಎಸ್‌ವಿಜಿ ಮಾಡ್ದೆ, ಇನ್‌ಸ್ಪೆಕ್ಟರಲ್ಲಿ ಇದೆ, ಪರದೆ ಮೇಲಿಲ್ಲ.

ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್ ಬಳಸಿ, ಎಸ್‌ವಿಜಿ ನೇಮ್‌ಸ್ಪೇಸ್ ಕೊಡಿ, ಒಳಗಿನ ಪಾತ್‌ಗೂ ಸೇರಿಸಿ.

ಪ್ರಶ್ನೆ: ಎಸ್‌ವಿಜಿಒ (ಎಸ್‌ವಿಜಿ ಫೈಲ್ ಸಣ್ಣ ಮಾಡೋ ಟೂಲು) ಓಡಿಸಿದ್ಮೇಲೆ ಐಕಾನ್ ದೊಡ್ದು ಚಿಕ್ದು ಆಗ್ತಿಲ್ಲ, ಕತ್ತರಿಸ್ಕೊಂಡು ಕಾಣುತ್ತೆ.

ವ್ಯೂಬಾಕ್ಸ್ ಹಾರಿದೆ. ಹಳೇ ಆವೃತ್ತಿಗಳು ಅದನ್ನ ತಾವೇ ತೆಗೀತಿದ್ವು, ರಿಮೂವ್‌ವ್ಯೂಬಾಕ್ಸ್ ಪ್ಲಗಿನ್ ಆಫ್ ಮಾಡಿ, ಮೂಲ ಫೈಲ್‌ನಿಂದ ಮತ್ತೆ ಶುರು ಮಾಡಿ. ಮೂಲ ಫೈಲ್ ಇಟ್ಕೊಂಡಿದೀರಿ ತಾನೆ?

ಪ್ರಶ್ನೆ: ಬಳಕೆದಾರರು ಅಪ್‌ಲೋಡ್ ಮಾಡೋ ಎಸ್‌ವಿಜಿನ ಇನ್ನರ್‌ಎಚ್‌ಟಿಎಂಎಲ್‌ಗೆ ಹಾಕ್ಬೋದಾ? ಬಣ್ಣ ಬದಲಿಸ್ಬೇಕಿತ್ತು.

ಅಯ್ಯೋ, ಬೇಡ. ಎಸ್‌ವಿಜಿ ಚಿತ್ರ ಅನ್ನೋದು ಅರ್ಧ ಸತ್ಯ, ಅದರೊಳಗೆ ಆನ್‌ಎರರ್ ಥರದ ಹ್ಯಾಂಡ್ಲರ್ ಬರ್ದು ಕಳಿಸಿದ್ರೆ ನಿಮ್ಮ ಪೇಜಲ್ಲೇ ಅವರ ಕೋಡ್ ಓಡುತ್ತೆ. ಬಣ್ಣದ ಆಸೆ ಬಿಟ್ಟು ಇಮೇಜ್ ಟ್ಯಾಗ್‌ಗೆ ಹಾಕಿ, ಅಲ್ಲಿ ಸ್ಕ್ರಿಪ್ಟ್ ಓಡಲ್ಲ.