ದೇವರು ಸುಮ್ಮನೆ ಕ್ಷಮಿಸಬಹುದಿತ್ತಲ್ಲ, ಯೇಸು ಏಕೆ ಸಾಯಬೇಕಿತ್ತು?

ಸಹೋದ್ಯೋಗಿಯೊಬ್ಬರು ನಿಮ್ಮನ್ನು ಶುಭ ಶುಕ್ರವಾರದ ಆರಾಧನೆಗೆ ಕರೆದಿದ್ದಾರೆ, ಹೋಗುವ ಮೊದಲು ಕೇಳುತ್ತಿದ್ದೇನೆ ಎಂದಿದ್ದೀರಿ. ಪಾಪ, ಪಾಪ ಎಂದು ಕ್ರೈಸ್ತರು ಹೇಳುವುದು ನರಕದ ಹೆದರಿಕೆ ಹುಟ್ಟಿಸುವುದಕ್ಕಲ್ಲವೇ? ದೇವರು ಪ್ರೀತಿಸ್ವರೂಪಿಯಾಗಿದ್ದರೆ ಸುಮ್ಮನೆ ಕ್ಷಮಿಸಬಹುದಿತ್ತಲ್ಲ? ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಶಿಲುಬೆಗೇರಿಸಿದ್ದು ಯಾವ ನ್ಯಾಯ? ಇವು ನಿಮ್ಮ ಪ್ರಶ್ನೆಗಳು. ನಾನು ಕರಾವಳಿಯ ಕನ್ನಡ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ನಾನು ನಂಬಿ ಬದುಕುತ್ತಿರುವ ಉತ್ತರವನ್ನೇ ಬರೆಯುತ್ತೇನೆ.

ಪಾಪದ ಪರಿಣಾಮ ಏನೆಂದು ಯಾರಾದರೂ ಕೇಳಿದರೆ ನಾನು ಬೈಬಲಿನಲ್ಲಿ ಮೊದಲು ತೆರೆಯುವುದು ಸಮುವೇಲನ ಎರಡನೆಯ ಗ್ರಂಥದ 11ನೇ ಅಧ್ಯಾಯವನ್ನು. ದಾವೀದ ಇಸ್ರಾಯೇಲಿನ ಅರಸ, ದೇವಭಕ್ತ, ಹಾಡುಗಾರ. ಅವನ ಸೈನ್ಯ ರಬ್ಬಾ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದಾಗ ಅವನು ಮಾತ್ರ ಜೆರುಸಲೇಮಿನಲ್ಲೇ ಉಳಿದ. ಒಂದು ಸಂಜೆ ಅರಮನೆಯ ಮಾಳಿಗೆಯ ಮೇಲಿಂದ, ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ಕಂಡ. ಅವಳು ಊರೀಯನೆಂಬ ಸೈನಿಕನ ಹೆಂಡತಿಯೆಂದು ತಿಳಿದ ಮೇಲೂ ಆಳುಗಳನ್ನು ಕಳುಹಿಸಿ ಕರೆಸಿಕೊಂಡ. ಅವಳು ಗರ್ಭಿಣಿಯಾದಳು. ಆಗ ಮುಚ್ಚಿಡುವ ಕೆಲಸ ಶುರುವಾಯಿತು. ಊರೀಯನನ್ನು ಯುದ್ಧಭೂಮಿಯಿಂದ ಕರೆಸಿ, ಮನೆಗೆ ಹೋಗಿ ವಿಶ್ರಾಂತಿ ಪಡೆ ಎಂದ. ಸಂಗಡಿಗರೆಲ್ಲ ಬಯಲಿನಲ್ಲಿ ಮಲಗಿರುವಾಗ ನಾನು ಮನೆಯ ಸುಖ ಕಾಣುವುದು ಹೇಗೆ ಎಂದ ಆ ನಿಷ್ಠಾವಂತ ಅರಮನೆಯ ಬಾಗಿಲಲ್ಲೇ ಮಲಗಿದ. ಮರುದಿನ ಕುಡಿಸಿ ಮತ್ತೇರಿಸಿದರೂ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ಕೊನೆಗೆ ದಾವೀದ ಸೇನಾಪತಿ ಯೋವಾಬನಿಗೆ ಒಂದು ಪತ್ರ ಬರೆದ: ಇವನನ್ನು ಕಾಳಗ ಬಿರುಸಾಗಿರುವ ಕಡೆ ಮುಂದೆ ನಿಲ್ಲಿಸಿ, ಉಳಿದವರು ಹಿಂದೆ ಸರಿಯಿರಿ. ಆ ಪತ್ರವನ್ನು ಹೊತ್ತುಕೊಂಡು ಹೋದವನು ಊರೀಯನೇ. ತನ್ನ ಮರಣದ ಆಜ್ಞೆಯನ್ನು ತಾನೇ ತಲುಪಿಸಿ, ಸತ್ತ.

ಆಮೇಲೆ ಪ್ರವಾದಿ ನಾತಾನ ಬಂದು ಅರಸನಿಗೆ ಒಂದು ಪ್ರಸಂಗ ಹೇಳಿದ. ಕುರಿಮಂದೆಗಳಿದ್ದ ಧನಿಕನೊಬ್ಬ ಅತಿಥಿಗೆ ಅಡುಗೆ ಮಾಡಿಸಲು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡನಂತೆ. ದಾವೀದ ಕೆಂಡವಾದ, ಅವನು ನಾಲ್ಕರಷ್ಟು ತೆರಬೇಕು ಎಂದು ತೀರ್ಪು ಕೊಟ್ಟ. ಆ ಮನುಷ್ಯ ನೀನೇ ಎಂದ ನಾತಾನ. ದಾವೀದ ತಪ್ಪೊಪ್ಪಿಕೊಂಡ, ಆ ಕ್ಷಣವೇ ಕ್ಷಮೆಯ ಮಾತೂ ಬಂತು. ಆದರೆ ಅದರ ಜೊತೆಗೇ ಇನ್ನೊಂದು ಮಾತು: ಇನ್ನು ಮುಂದೆ ಕತ್ತಿ ನಿನ್ನ ಮನೆಯನ್ನು ಬಿಟ್ಟು ಹೋಗುವುದಿಲ್ಲ.

ಹಾಗೆಯೇ ಆಯಿತು. ಹುಟ್ಟಿದ ಮಗು ಏಳನೆಯ ದಿನ ತೀರಿಕೊಂಡಿತು. ಹಿರಿಯ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಬಲಾತ್ಕರಿಸಿದ. ಅವಳು ಬಟ್ಟೆ ಹರಿದುಕೊಂಡು, ತಲೆಯ ಮೇಲೆ ಬೂದಿ ಹಾಕಿಕೊಂಡು ಅಳುತ್ತಾ ಹೋದಳೆಂದು ಬರೆದಿದೆ. ದಾವೀದನಿಗೆ ಸಿಟ್ಟು ಬಂತು, ಆದರೆ ಮಗನನ್ನು ಶಿಕ್ಷಿಸಿದ್ದು ಎಲ್ಲಿಯೂ ಕಾಣುವುದಿಲ್ಲ. ಶಿಕ್ಷಿಸಲು ಅವನಿಗೆ ಬಾಯಿಯೇ ಬರಲಿಲ್ಲವೆಂದು ನನಗನಿಸುತ್ತದೆ. ಮಗ ಮಾಡಿದ್ದು ಅಪ್ಪ ಮಾಡಿ ತೋರಿಸಿದ್ದನ್ನೇ. ಎರಡು ವರ್ಷ ಕಾದು ತಾಮಾರಳ ಅಣ್ಣ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ಮುಂದೆ ಅಪ್ಪನ ವಿರುದ್ಧವೇ ದಂಗೆ ಎದ್ದ. ಕಾಳಗದ ದಿನ ಕಾಡಿನಲ್ಲಿ ಅವನ ತಲೆ ಮರದ ಕೊಂಬೆಗೆ ಸಿಕ್ಕಿಕೊಂಡಿತು, ಕೆಳಗಿದ್ದ ಹೇಸರಗತ್ತೆ ಮುಂದೆ ಹೋಗಿಬಿಟ್ಟಿತು, ನೇತಾಡುತ್ತಿದ್ದವನನ್ನು ಯೋವಾಬ ತಿವಿದು ಕೊಂದ. ಊರೀಯನ ಪತ್ರ ತಲುಪಿದ್ದೂ ಇದೇ ಯೋವಾಬನ ಕೈಗೆ.

ಪಾಪದ ಪರಿಣಾಮ ಎಂದರೆ ನನ್ನ ಕಣ್ಣಿಗೆ ಬರುವುದು ಈ ಮನೆ. ಹೊರಗಿನಿಂದ ಯಾರೋ ಬಂದು ಹೊಡೆಯುವ ಚಾಟಿ ಅಲ್ಲ ಅದು. ಮಾಡಿದವನಲ್ಲೇ ನಿಲ್ಲದೆ, ಏನೂ ಮಾಡದ ತಾಮಾರಳ ತನಕ, ಹೆಸರಿಡುವ ಮೊದಲೇ ಸತ್ತ ಮಗುವಿನ ತನಕ ಹರಿಯುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮಲ್ಲಿ ಹೇಳುತ್ತೇವೆ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನೂ ಗಲಾತ್ಯದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ, ಮನುಷ್ಯ ಏನು ಬಿತ್ತುತ್ತಾನೋ ಅದನ್ನೇ ಕೊಯ್ಯುತ್ತಾನೆ ಎನ್ನುತ್ತಾನೆ. ಇಷ್ಟರ ಮಟ್ಟಿಗೆ ನನಗೂ ನಿಮಗೂ ಭೇದವಿಲ್ಲ. ಆದರೆ ಮಾಡಿದವನು ಉಂಡ ಮಾತ್ರಕ್ಕೆ ಊರೀಯ ಎದ್ದು ಬರುವುದಿಲ್ಲ. ದಾವೀದ ಎಷ್ಟು ಅನುಭವಿಸಿದರೂ ತಾಮಾರಳ ಬದುಕು ಹಿಂದಿನಂತಾಗಲಿಲ್ಲ.

ಅಬ್ಷಾಲೋಮ ಸತ್ತ ಸುದ್ದಿ ಬಂದಾಗ ದಾವೀದ ಊರಬಾಗಿಲಿನ ಮೇಲಿನ ಕೋಣೆಗೆ ಹತ್ತುತ್ತಾ ಅತ್ತದ್ದನ್ನು ನಾನು ಇಂದಿಗೂ ನಿರಾಳವಾಗಿ ಓದಲಾರೆ. ತನ್ನ ಪ್ರಾಣ ತೆಗೆಯಲು ಬಂದ ಮಗನ ಹೆಸರನ್ನು ಮತ್ತೆ ಮತ್ತೆ ಕರೆಯುತ್ತಾ, ನಿನಗೆ ಬದಲಾಗಿ ನಾನೇ ಸತ್ತಿದ್ದರೆ ಎಂದು ಗೋಳಾಡುತ್ತಾನೆ. ಆ ತಂದೆಗೆ ಬಯಸಲು ಮಾತ್ರ ಸಾಧ್ಯವಾಯಿತು. ಮಗ ಆಗಲೇ ಸತ್ತಿದ್ದ, ಮತ್ತು ಸಾಯಲು ಹೊರಟ ತಂದೆಯೂ ತಪ್ಪಿತಸ್ಥನೇ. ದಾವೀದನ ವಂಶದಲ್ಲಿ ಹುಟ್ಟಿದ ಯೇಸುವಿನ ಶಿಲುಬೆಯನ್ನು ನಾನು ಈ ಅಳುವಿನ ಪಕ್ಕದಲ್ಲಿಟ್ಟು ನೋಡುತ್ತೇನೆ. ದಂಗೆ ಎದ್ದ ಮಕ್ಕಳಿಗೆ ಬದಲಾಗಿ ನಾನೇ ಸಾಯುತ್ತೇನೆ ಎಂದು ದೇವರು ಬಯಸಿ ಸುಮ್ಮನಾಗಲಿಲ್ಲ, ಹಾಗೆಯೇ ಮಾಡಿದನು.

ಈಗ ಸುಮ್ಮನೆ ಕ್ಷಮಿಸುವ ವಿಷಯ. ನನ್ನ ಸೋದರಮಾವ ಗೆಳೆಯನೊಬ್ಬನ ಸಾಲಕ್ಕೆ ಜಾಮೀನು ನಿಂತಿದ್ದರು. ಗೆಳೆಯ ಊರು ಬಿಟ್ಟ, ಸಾಲ ಮಾವನ ತಲೆಗೆ ಬಂತು, ಅಡಿಕೆ ತೋಟದ ಒಂದು ಭಾಗ ಮಾರಿ ತೀರಿಸಿದರು. ಎಷ್ಟೋ ಕಾಲದ ಮೇಲೆ ಆ ಮನುಷ್ಯ ತಲೆ ತಗ್ಗಿಸಿಕೊಂಡು ಬಂದಾಗ ಮಾವ ಚಾಪೆ ಹಾಸಿ ಕೂರಿಸಿದರು, ಅತ್ತೆ ಕಾಫಿ ತಂದರು, ಹಣದ ಮಾತೇ ಬರಲಿಲ್ಲ. ಕೂತವನಿಗೆ ಕಿಟಕಿಯಿಂದ ಕಾಣುತ್ತಿದ್ದುದು ಆ ತೋಟವೇ. ಅದರಲ್ಲಿ ಬೇರೆಯವರು ಅಡಿಕೆ ಕೊಯ್ಯುತ್ತಿದ್ದರು. ಅವನಿಗೆ ಕ್ಷಮೆ ಪುಕ್ಕಟೆಯಾಗಿ ಸಿಕ್ಕಿತು. ಮಾವನಿಗೆ ಅದು ತೋಟದ ಬೆಲೆಗೆ ಬಿತ್ತು. ಕ್ಷಮಿಸಿದರೆ ನಷ್ಟ ಮಾಯವಾಗುವುದಿಲ್ಲ, ತಪ್ಪು ಮಾಡಿದವನಿಂದ ಕ್ಷಮಿಸಿದವನ ತಲೆಗೆ ಬರುತ್ತದೆ. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರ ಯೇಸುವನ್ನು ಹೊಣೆಗಾರ, ಅಂದರೆ ಜಾಮೀನು ನಿಂತವನು, ಎಂದು ಕರೆಯುವಾಗ ನನಗೆ ನೆನಪಾಗುವುದು ಮಾವನ ಮುಖ.

ಯೇಸು ತಾನೇ ಹೇಳಿದ ಒಂದು ದೃಷ್ಟಾಂತಕಥೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಅರಸನಿಗೆ ಹತ್ತು ಸಾವಿರ ತಲಾಂತು ಬಾಕಿ ಇದ್ದ ಆಳಿನ ಪ್ರಸಂಗ ಅದು. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ, ಒಂದು ತಲಾಂತು ಎಂದರೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿದರೆ ಆರು ಕೋಟಿ ದಿನಗಳ ಕೂಲಿ. ಒಂದು ದಿನವೂ ಬಿಡದೆ ದುಡಿದರೂ ಒಂದು ಲಕ್ಷದ ಅರವತ್ತು ಸಾವಿರ ವರ್ಷ ಮೀರುತ್ತದೆ. ಸ್ವಲ್ಪ ತಾಳಿಕೋ, ಎಲ್ಲವನ್ನೂ ತೀರಿಸುತ್ತೇನೆ ಎಂದು ಆ ಆಳು ಕಾಲಿಗೆ ಬೀಳುತ್ತಾನೆ. ಅರಸ ಕನಿಕರಪಟ್ಟು ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಬಿಟ್ಟ ಆ ಹಣವೆಲ್ಲ ಅರಸನ ಬೊಕ್ಕಸದ ನಷ್ಟವೇ.

ನಿಮ್ಮ ಮೂರನೆಯ ಪ್ರಶ್ನೆ ಅತ್ಯಂತ ತೂಕದ್ದು. ಸಿಟ್ಟಾದ ತಂದೆ, ಅವನನ್ನು ತಣಿಸಲು ಬಲಿಯಾದ ಅಮಾಯಕ ಮಗ, ಈ ರೀತಿಯ ಚಿತ್ರವನ್ನು ಕೆಲವು ಧರ್ಮೋಪದೇಶಗಳಲ್ಲಿ ನೀವು ಕೇಳಿರಬಹುದು. ಅದು ನಮ್ಮ ನಂಬಿಕೆಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ತಂದೆ ಮತ್ತು ಮಗ ಒಬ್ಬನೇ ದೇವರು ಎಂಬುದು ಕ್ರೈಸ್ತ ವಿಶ್ವಾಸದ ಬುನಾದಿ. ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನೆಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು, ನನ್ನ ಪ್ರಾಣವನ್ನು ಯಾರೂ ನನ್ನಿಂದ ತೆಗೆಯುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎನ್ನುತ್ತಾನೆ. ತಪ್ಪಿತಸ್ಥನ ಬದಲು ಯಾರೋ ದಾರಿಹೋಕನನ್ನು ಹಿಡಿದು ಶಿಕ್ಷಿಸಿದ್ದರೆ ಅದು ಅನ್ಯಾಯವೇ. ಇಲ್ಲಿ ಯಾರ ವಿರುದ್ಧ ತಪ್ಪು ನಡೆದಿದೆಯೋ ಅವನೇ ನಷ್ಟವನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾನೆ.

ಅದು ಹೇಗೆ ಎಂಬುದನ್ನು ಯೇಸುವನ್ನು ಹಿಡಿದು ಶಿಲುಬೆಗೇರಿಸಿದ ಆ ಒಂದು ರಾತ್ರಿ ಮತ್ತು ಹಗಲಿನಲ್ಲಿ ನೋಡಬಹುದು. ಊಟಕ್ಕೆ ಜೊತೆಯಲ್ಲಿ ಕೂತಿದ್ದ ಶಿಷ್ಯ ಯೂದ 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ, ಅದೂ ಮುದ್ದಿಟ್ಟು. ಗೆತ್ಸೇಮನೆ ತೋಟದಲ್ಲಿ ಎಚ್ಚರವಾಗಿರಿ ಎಂದು ಕೇಳಿಕೊಂಡರೂ ಶಿಷ್ಯರು ನಿದ್ದೆ ಹೋದರು. ಪ್ರಾಣ ಕೊಡುತ್ತೇನೆ ಎಂದಿದ್ದ ಶಿಷ್ಯ ಪೇತ್ರ ಒಬ್ಬ ದಾಸಿಯ ಪ್ರಶ್ನೆಗೆ ಹೆದರಿ, ಆ ಮನುಷ್ಯನನ್ನು ನಾನರಿಯೆ ಎಂದ. ಧರ್ಮ ಕಾಯಬೇಕಾದವರು ಸುಳ್ಳುಸಾಕ್ಷಿ ಹುಡುಕಿದರು. ಅಧಿಪತಿ ಪೊಂತ್ಯ ಪಿಲಾತ ನಿರಪರಾಧಿ ಎಂದು ತಿಳಿದೂ ಗುಂಪಿಗೆ ಹೆದರಿ ಕೈ ತೊಳೆದುಕೊಂಡ. ಕೊಲೆಗಾರನಾದ ಬರಬ್ಬನನ್ನು ಬಿಡಿಸಿಕೊಂಡು ಜನ ಯೇಸುವನ್ನು ಶಿಲುಬೆಗೆ ಹಾಕಿಸು ಎಂದು ಕೂಗಿದರು. ಸಿಪಾಯಿಗಳು ಮುಳ್ಳಿನ ಕಿರೀಟ ತೊಡಿಸಿ ನಕ್ಕರು. ಹಣದಾಸೆ, ಹೇಡಿತನ, ಅಧಿಕಾರದ ಭಯ, ಗುಂಪಿನ ಕ್ರೌರ್ಯ, ಇವುಗಳಲ್ಲಿ ನಮಗೆ ಪರಿಚಯವಿಲ್ಲದ್ದು ಯಾವುದು? ಅಷ್ಟೂ ಜನರ ಪಾಪ ಅಂದು ಒಂದೇ ದೇಹದ ಮೇಲೆ ಬಿತ್ತು. ನಮ್ಮ ಪಾಪಗಳನ್ನು ಅವನು ಹೊತ್ತನು ಎಂಬ ಮಾತು ನನಗೆ ಅರ್ಥವಾದದ್ದು ಆ ಮುಖಗಳಲ್ಲಿ ನನ್ನ ಮುಖವನ್ನೂ ಕಂಡಾಗ.

ಹೊತ್ತದ್ದು ಬರೀ ಮಾತಿನಲ್ಲಲ್ಲ. 1968ರಲ್ಲಿ ಜೆರುಸಲೇಮಿನ ಉತ್ತರ ಭಾಗದ ಸಮಾಧಿಯೊಂದರಲ್ಲಿ ಯೇಸು ಸತ್ತ ಅದೇ ಶತಮಾನದ ಬೇರೊಬ್ಬ ಮನುಷ್ಯನ ಹಿಮ್ಮಡಿಯ ಮೂಳೆ ಸಿಕ್ಕಿತು. ಶಿಲುಬೆಗೆ ಜಡಿದಿದ್ದ ಕಬ್ಬಿಣದ ಮೊಳೆ ಇನ್ನೂ ಅದರೊಳಗೇ ಇತ್ತು. ಮೊಳೆಯ ತುದಿ ಬಾಗಿಹೋಗಿದ್ದುದರಿಂದ ಹೂಳುವವರಿಗೂ ಅದನ್ನು ಕೀಳಲು ಆಗಿರಲಿಲ್ಲ ಎನ್ನುತ್ತಾರೆ. ರೋಮನರ ಶಿಲುಬೆ ಹಾಗಿತ್ತು. ಅಂಥ ಮೊಳೆಗಳ ಮೇಲೆ ತೂಗುತ್ತಾ ಯೇಸು, ತಂದೆಯೇ ಇವರನ್ನು ಕ್ಷಮಿಸು, ತಾವು ಮಾಡುತ್ತಿರುವುದು ಏನೆಂದು ಇವರಿಗೆ ತಿಳಿಯದು ಎಂದು ಪ್ರಾರ್ಥಿಸಿದನೆಂದು ಲೂಕ ಬರೆಯುತ್ತಾನೆ. ಬಿದ್ದ ಪೆಟ್ಟು ಅಲ್ಲಿಗೆ ನಿಂತಿತು. ಯೇಸು ಅದನ್ನು ತಿರುಗಿಸಿ ಯಾರ ಮೇಲೂ ಹಾಕಲಿಲ್ಲ.

ನರಕದ ಬಗ್ಗೆ ಕೇಳಿದಿರಿ. ಪಾಪದ ಕೊನೆಯ ಪರಿಣಾಮ ದೇವರಿಂದ ಅಗಲಿಕೆ. ಜೀವದ ಮೂಲದಿಂದಲೇ ಕಡಿದುಹೋಗುವುದು. ಪಾಪದ ಸಂಬಳ ಮರಣ ಎಂದು ಪೌಲ ಹೇಳುವುದೂ ಇದನ್ನೇ. ಮಧ್ಯಾಹ್ನ ಮೂರರ ಹೊತ್ತಿಗೆ ಯೇಸು ಬೈಬಲಿನ 22ನೇ ಕೀರ್ತನೆಯ ಮೊದಲ ಮಾತನ್ನು ಕೂಗಿದನು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಆ ಅಗಲಿಕೆಯ ತಳಕ್ಕೂ ಅವನು ಇಳಿದನು. ಹಾಗಾಗಿ ಎಂಥ ಪಾಳುಬಿದ್ದ ಸ್ಥಿತಿಯಲ್ಲಿರುವ ಮನುಷ್ಯನಿಗೂ, ಕ್ರಿಸ್ತ ಬಂದು ನಿಲ್ಲದ ಜಾಗದಲ್ಲಿ ನೀನಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇದೆಲ್ಲ ಯಾವ ಲೆಕ್ಕಾಚಾರದಲ್ಲಿ ನಡೆಯಿತು ಎಂದು ದೇವಜ್ಞಾನಿಗಳು ಶತಮಾನಗಳಿಂದ ಚರ್ಚಿಸಿದ್ದಾರೆ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಹೊತ್ತಿಗೆ, ದೇವರಿಗೆ ಸಲ್ಲಬೇಕಾದ ಗೌರವವೆಂಬ ಬಾಕಿ ತೀರಿತು ಎಂದು ವಾದಿಸಿದ. ಮುಂದಿನ ಶತಮಾನದಲ್ಲಿ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಹೃದಯ ಕರಗುವುದೇ ಬಿಡುಗಡೆ ಎಂದ. ನಾಲ್ಕನೇ ಶತಮಾನದಲ್ಲಿ ರೂಪುಗೊಂಡ ನೈಸೀಯ ವಿಶ್ವಾಸಪ್ರಮಾಣ, ಅಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಘೋಷಣೆ, ಮಾತ್ರ, ನಮಗೋಸ್ಕರ ಶಿಲುಬೆಗೆ ಹಾಕಲ್ಪಟ್ಟನು ಎಂದು ಹೇಳಿ, ಹೇಗೆ ಎಂಬುದನ್ನು ವಿವರಿಸಲು ಹೋಗುವುದಿಲ್ಲ. ನನಗೆ ಆ ಸಂಯಮ ಇಷ್ಟ.

ಕ್ಷಮೆ ಇದೆಯೆಂದು ಬೇಕಾದಂತೆ ಬದುಕಬಹುದೇ ಎಂಬ ಅನುಮಾನ ಸಹಜ. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಕಳ್ಳನಿಗೆ ಯೇಸು ಇಂದೇ ನನ್ನ ಸಂಗಡ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುವಿ ಎಂದನು. ಆದರೂ ಅವನನ್ನು ಯಾರೂ ಕೆಳಗಿಳಿಸಲಿಲ್ಲ. ಆ ಸಂಜೆ ಅವನೂ ಸತ್ತ. ಲೂಕನ 19ನೇ ಅಧ್ಯಾಯದ ಸುಂಕದ ಅಧಿಕಾರಿ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ಸಂತೋಷದಲ್ಲಿ, ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದು ಎದ್ದು ನಿಂತು ಹೇಳಿದ. ದಾವೀದ ಆ ಧನಿಕನಿಗೆ ವಿಧಿಸಿದ್ದ ದಂಡವನ್ನು ಜಕ್ಕಾಯ ಯಾರೂ ಕೇಳದೆ ತಾನೇ ತೆತ್ತ. ಕ್ಷಮೆ ಸಿಕ್ಕವನು ತಾನು ಕೆಡಿಸಿದ್ದನ್ನು ಸರಿಪಡಿಸಲು ಹೊರಡುತ್ತಾನೆ. ಹೊರಡದವನಿಗೆ ಕ್ಷಮೆ ಎಷ್ಟು ತಲುಪಿದೆಯೋ ಎಂದು ನನಗೆ ಸಂದೇಹ.

ಶುಕ್ರವಾರ ತಪ್ಪದೆ ಹೋಗಿ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರಾಧನೆ ಮಧ್ಯಾಹ್ನ 12ರಿಂದ 3ರವರೆಗೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ ಧ್ಯಾನಿಸುತ್ತೇವೆ, ನಡುವೆ ಹಾಡುಗಳಿರುತ್ತವೆ. ನಿಮ್ಮ ಸಹೋದ್ಯೋಗಿ ಕಥೊಲಿಕರಾದರೆ ಕ್ರಮ ಬೇರೆ: ಯೇಸುವಿನ ಕೊನೆಯ ನಡಿಗೆಯನ್ನು ಹಂತಹಂತವಾಗಿ ಧ್ಯಾನಿಸುವ ಶಿಲುಬೆಯ ಹಾದಿ ಮತ್ತು ಶಿಲುಬೆಯ ಆರಾಧನೆ ಇರುತ್ತದೆ, ಗಂಟೆ ಬಾರಿಸುವುದಿಲ್ಲ. ಎಲ್ಲಿಯಾದರೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳಬಹುದು, ಕಾಣಿಕೆ ಹಾಕಲೇಬೇಕೆಂದಿಲ್ಲ. ಹೋಗುವ ಮೊದಲು ಮಾರ್ಕನ ಸುವಾರ್ತೆಯ 14 ಮತ್ತು 15ನೇ ಅಧ್ಯಾಯಗಳನ್ನು ಓದಿಕೊಳ್ಳಿ, ಅರ್ಧ ಗಂಟೆ ಸಾಕು. ಯೇಸು ಮೂರನೆಯ ದಿನ ಸಾವಿನಿಂದ ಎದ್ದು ಬರದಿದ್ದರೆ ಶಿಲುಬೆ ಲೋಕದ ಅಸಂಖ್ಯ ಅನ್ಯಾಯಗಳಲ್ಲಿ ಇನ್ನೊಂದಾಗುತ್ತಿತ್ತು, ಆದ್ದರಿಂದ ಅದನ್ನು ಹೇಳುವ 16ನೇ ಅಧ್ಯಾಯವನ್ನು ಈಸ್ಟರ್ ಭಾನುವಾರಕ್ಕೆ ಇಟ್ಟುಕೊಳ್ಳಿ. ಈಸ್ಟರ್ ಆರಾಧನೆ ಹಲವು ಸಭೆಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಶುರುವಾಗುತ್ತದೆ. ಸಮಯವನ್ನು ನಿಮ್ಮ ಸಹೋದ್ಯೋಗಿಯನ್ನೇ ಕೇಳಿಕೊಳ್ಳಿ.